72 ಗಂಟೆ ಅಂತ ರೂಲ್ಸಲ್ಲಿದೆ, ಗೋಡೆ ಮೇಲೆ ಇಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಜುಲೈ 1ರ ವೈದ್ಯರ ದಿನಕ್ಕೆ ನಿಮ್ಮ ಪೇಪರಲ್ಲಿ ಬಂದಿದ್ದ ವಿಶೇಷ ಪುಟ ಓದ್ದೆ. ಫೋಟೋ ಎಲ್ಲಾ ಚೆನ್ನಾಗಿತ್ತು. ಆದ್ರೆ ಅದರಲ್ಲಿ ಒಬ್ರು, ಎರಡೂವರೆ ಸಾವಿರ ವರ್ಷದಿಂದ ಜಗತ್ತಿನ ಡಾಕ್ಟರೆಲ್ಲ ಹಳೇ ಗ್ರೀಸಿನ ವೈದ್ಯ ಹಿಪೊಕ್ರಾಟಿಸ್ ಹೆಸರಿನ ಪ್ರಮಾಣಕ್ಕೆ ಕಟ್ಟುಬಿದ್ದು ರೋಗಿಗೋಸ್ಕರವೇ ಬದುಕ್ಕೊಂಡು ಬಂದಿದ್ದಾರೆ ಅನ್ನೋ ಥರ ಬರ್ದಿದ್ರಲ್ಲ, ಅದನ್ನ ಓದಿ ಸುಮ್ನೆ ಕೂರೋಕಾಗ್ಲಿಲ್ಲ, ಅದಕ್ಕೇ ಈ ಕಾಗದ. ಉದ್ದ ಆಗುತ್ತೆ, ಕತ್ತರಿಸೋದಾದ್ರೆ ಕತ್ತರಿಸಿ, ಆದ್ರೆ ರೋಗಿ ಕೇಳಿದ್ರೆ 72 ಗಂಟೆಯೊಳಗೆ ದಾಖಲೆ ಕೊಡ್ಬೇಕು ಅನ್ನೋ ನಿಯಮದ ಕೊನೇ ಭಾಗ ಮಾತ್ರ ಬಿಡ್ಬೇಡಿ.

ನಾನು ಡಾಕ್ಟರಲ್ಲ. ಒಂದು ಡೆಂಟಲ್ ಕಾಲೇಜಿನ ಲೈಬ್ರರೀಲಿ 26 ವರ್ಷ ಅಸಿಸ್ಟೆಂಟ್ ಆಗಿ ಪುಸ್ತಕ ಕೊಟ್ಟು ಇಸ್ಕೊಂಡು ರಿಟೈರ್ ಆದವನು. ಮಧ್ಯಾಹ್ನ ಹುಡುಗ್ರೆಲ್ಲ ಕ್ಲಿನಿಕ್ ಪೋಸ್ಟಿಂಗಿಗೆ ಹೋದ್ಮೇಲೆ ಲೈಬ್ರರಿ ಖಾಲಿ ಇರ್ತಿತ್ತು, ಯಾರೂ ಮುಟ್ಟದ ಪುಸ್ತಕದ ಕಪಾಟು ಒಂದಿತ್ತು, ದಂತವೈದ್ಯದ ಇತಿಹಾಸ, ಎಥಿಕ್ಸು, ಕಾಯ್ದೆ ಪುಸ್ತಕ ಇಂಥವು, ಧೂಳು ಒರೆಸೋ ನೆಪದಲ್ಲಿ ನಾನೇ ಅದನ್ನೆಲ್ಲ ಓದಿ ಮುಗಿಸ್ದೆ. ಅದು ಬಿಟ್ರೆ ನನಗೆ ಬೇರೆ ಕ್ವಾಲಿಫಿಕೇಷನ್ ಇಲ್ಲ.

ಮೊದಲು ಆ ಹಿಪೊಕ್ರಾಟಿಸ್ ವಿಷಯ. ಗ್ರೀಸಿನ ಆ ಪ್ರಮಾಣವನ್ನ ಹಿಪೊಕ್ರಾಟಿಸೇ ಬರ್ದ ಅಂತ ಹೇಳೋಕೆ ಗಟ್ಟಿ ಆಧಾರ ಇಲ್ಲ. ಅದರ ಮೊದಲ ಭಾಗ ಪೂರ್ತಿ ಗುರುವಿನ ಬಗ್ಗೆ, ಗುರುವನ್ನ ತಂದೆ ಥರ ನೋಡ್ಕೊಳ್ತೀನಿ, ಅವರ ಮಕ್ಕಳಿಗೆ ಫೀಸಿಲ್ದೆ ವಿದ್ಯೆ ಕಲಿಸ್ತೀನಿ, ಹೊರಗಿನವರಿಗೆ ಕಲಿಸಲ್ಲ ಅಂತ. ಆಮೇಲೆ ರೋಗಿ ಬರ್ತಾನೆ, ವಿಷ ಕೊಡಲ್ಲ, ಮನೆ ಗುಟ್ಟು ಹೊರಗೆ ಹೇಳಲ್ಲ ಅಂತ. ಮಧ್ಯದಲ್ಲಿ ಇನ್ನೊಂದು ಸಾಲಿದೆ, ಮೂತ್ರದ ಕಲ್ಲಿಗೆ ನಾನು ಕತ್ತಿ ಹಾಕಲ್ಲ, ಆ ಕಸುಬು ಮಾಡೋರಿಗೇ ಬಿಡ್ತೀನಿ ಅಂತ. ನನ್ನ ಹೆಂಡ್ತಿಗೆ ಮೊನ್ನೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು, ಆಸ್ಪತ್ರೆ ಬೆಡ್ ಪಕ್ಕ ಕೂತು ಇದನ್ನ ಹೇಳ್ದೆ, ಹೊಲಿಗೆ ನೋವಲ್ಲೂ ನಕ್ಕಳು, "ಆ ಪ್ರಮಾಣ ನಿಮ್ಮ ಡಾಕ್ಟರು ತಗೊಂಡಿದ್ರೆ ನಾನಿನ್ನೂ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿದ್ದೆ" ಅಂದ್ಳು.

ನಮ್ಮ ಚರಕ ಸಂಹಿತೆಯಲ್ಲೂ ಇದೆ, ವಿಮಾನಸ್ಥಾನ ಅನ್ನೋ ಭಾಗದ 8ನೇ ಅಧ್ಯಾಯ, ಶಿಷ್ಯನಿಗೆ ಬೆಂಕಿ ಮುಂದೆ ನಿಲ್ಲಿಸಿ ಹೇಳಿಕೊಡೋ ಮಾತುಗಳು. ನನ್ನ ಕೇಳಿದ್ರೆ ಗ್ರೀಕರದ್ದಕ್ಕಿಂತ ಇದು ಒಂದು ಕೈ ಮೇಲು. ನಿನ್ನ ಜೀವಕ್ಕೇ ಬಂದ್ರೂ ರೋಗಿಗೆ ದ್ರೋಹ ಬಗೀಬೇಡ, ರೋಗಿ ಮನೆಯೊಳಗೆ ಕಾಲಿಟ್ಟ ಮೇಲೆ ಮಾತು ಮನಸ್ಸು ಬುದ್ಧಿ ಎಲ್ಲಾ ರೋಗಿ ಮೇಲೇ ಇರ್ಲಿ, ಆ ಮನೇಲಿ ಕಂಡಿದ್ದನ್ನ ಹೊರಗೆ ಆಡ್ಬೇಡ, ಎಷ್ಟೇ ಓದಿದ್ರೂ ಜಂಬ ಕೊಚ್ಕೋಬೇಡ ಅಂತ. ಆದ್ರೆ ಅದೇ ಉಸಿರಲ್ಲಿ, ರಾಜನಿಗೆ ಆಗದವರಿಗೆ ಔಷಧಿ ಕೊಡ್ಬೇಡ, ಗಂಡ ಅಥವಾ ಮನೆಯವರು ಜೊತೇಲಿಲ್ಲದ ಹೆಂಗಸಿಗೆ ಚಿಕಿತ್ಸೆ ಮಾಡ್ಬೇಡ ಅಂತಾನೂ ಇದೆ. 2022ರಲ್ಲಿ ಮೆಡಿಕಲ್ ಕಮಿಷನ್‌ನವರು ಹೊಸ ಸ್ಟೂಡೆಂಟುಗಳಿಗೆ ಚರಕ ಶಪಥ ಅಂತ ಶುರು ಮಾಡಿದಾಗ ಆ ಸಾಲುಗಳನ್ನ ಬಿಟ್ಟು ತಿದ್ದಿದ ಪಾಠಾನೇ ಕೊಟ್ರು, ಆದ್ರೂ ಮಧುರೈ ಕಾಲೇಜಲ್ಲಿ ಅದು ದೊಡ್ಡ ಗಲಾಟೆಯಾಗಿ ಡೀನ್ ಎತ್ತಂಗಡಿ ಆದ್ರು. ಚರಕನಾ ಹಿಪೊಕ್ರಾಟಿಸಾ ಅಂತ ಟೀವೀಲಿ ಒಂದು ವಾರ ಕಿತ್ತಾಡಿದ್ದೇ ಕಿತ್ತಾಡಿದ್ದು, ಎರಡರಲ್ಲೂ ಏನ್ ಬರ್ದಿದೆ ಅಂತ ಒಬ್ರೂ ಓದಿ ಹೇಳ್ಲಿಲ್ಲ.

ಈಗ ನಾವು ಕೋಡ್ ಆಫ್ ಎಥಿಕ್ಸ್ ಅಂತೀವಲ್ಲ, ಅದು ಹುಟ್ಟಿದ್ದು ಪ್ರಮಾಣದಿಂದ ಅಲ್ಲ ಸ್ವಾಮಿ, ಜಗಳದಿಂದ. ಇಂಗ್ಲೆಂಡಿನ ಮ್ಯಾಂಚೆಸ್ಟರಲ್ಲಿ 1789ರ ಹೊತ್ತಿಗೆ ಜ್ವರದ ಪಿಡುಗು ಬಂತು, ಅಲ್ಲಿನ ಧರ್ಮಾಸ್ಪತ್ರೇಲಿ ಡಾಕ್ಟರ ಸಂಖ್ಯೆ ಜಾಸ್ತಿ ಮಾಡ್ಬೇಕು ಅಂದಾಗ ಇರೋ ಡಾಕ್ಟರಿಗೂ ಬರೋ ಡಾಕ್ಟರಿಗೂ ಜಟಾಪಟಿ ಶುರುವಾಯ್ತು. ಅದನ್ನ ಬಗೆಹರಿಸೋಕೆ ಥಾಮಸ್ ಪರ್ಸಿವಲ್ ಅನ್ನೋ ಡಾಕ್ಟರಿಗೆ ನೀವೇ ಒಂದು ನಡಾವಳಿ ಬರ್ಕೊಡಿ ಅಂದ್ರು. ಆತ ಬರೀತಾ ಬರೀತಾ 1803ರಲ್ಲಿ ಪುಸ್ತಕವೇ ಮಾಡಿದ, ಮೆಡಿಕಲ್ ಎಥಿಕ್ಸ್ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದೇ ಅಲ್ಲಿಂದ. ಹೆಚ್ಚಿನ ಪಾಲು ಯಾವ ಡಾಕ್ಟರು ಯಾವ ಡಾಕ್ಟರಿಗೆ ಹೇಗೆ ಮರ್ಯಾದೆ ಕೊಡ್ಬೇಕು, ಕನ್ಸಲ್ಟೇಷನ್ನಲ್ಲಿ ಯಾರು ಮೊದಲು ಮಾತಾಡ್ಬೇಕು ಇಂಥದ್ದೇ. ಆದ್ರೂ ಪರ್ಸಿವಲ್ ಒಳ್ಳೆ ಮನುಷ್ಯ ಅನ್ಸುತ್ತೆ ನಂಗೆ. ಅರಿವಳಿಕೆ ಅನ್ನೋದೇ ಇಲ್ಲದ ಕಾಲ ಅದು, ರೋಗಿ ಎಚ್ಚರ ಇರುವಾಗ್ಲೇ ಕಾಲು ಕುಯ್ಯೋರು. ಆತ ಬರೀತಾನೆ, ಒಂದು ಆಪರೇಷನ್ ಮುಗಿಸಿ ಮುಂದಿನವರನ್ನ ಒಳಗೆ ಕರೆಯೋ ಮುಂಚೆ ಸರ್ಜನ್ ಏಪ್ರನ್ ಬದಲಾಯಿಸ್ಲಿ, ಟೇಬಲ್ ಮೇಲೆ ಹತಾರದ ಮೇಲೆ ರಕ್ತದ ಕಲೆ ಕಾಣದ ಹಾಗೆ ಒರೆಸ್ಲಿ, ರೋಗಿ ಹೆದರ್ಬಾರ್ದು ಅಂತ. ಕ್ರಿಮಿ ಗಿಮಿ ಯಾರಿಗೂ ಗೊತ್ತಿರ್ಲಿಲ್ಲ ಆಗ, ಬರೀ ಮುಂದಿನವನ ಭಯಕ್ಕೋಸ್ಕರ. ಕತ್ತರಿಸ್ತಾ ಇರುವಾಗ ಒಬ್ರು ಆಗಾಗ ರೋಗಿ ಹತ್ರ ಮಾತಾಡ್ತಾ ಧೈರ್ಯ ಹೇಳ್ತಿರ್ಬೇಕು, ಆದ್ರೆ ಎಲ್ಲಾ ಚೆನ್ನಾಗಿ ನಡೀತಿದೆ ಅಂತ ಹೇಳೋದು ಅದು ನಿಜವಾಗಿದ್ರೆ ಮಾತ್ರ ಅಂತ ಬೇರೆ ಸೇರಿಸ್ತಾನೆ.

ಪರ್ಸಿವಲ್ ಬರ್ದಿದ್ದನ್ನ ಅಮೆರಿಕದವರು ಎತ್ಕೊಂಡ್ರು. 1847ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಶುರು ಮಾಡಿದಾಗಲೇ ಕೋಡ್ ಪಾಸ್ ಮಾಡಿದ್ರು. ಅದರಲ್ಲಿ ರೋಗಿಯ ಕರ್ತವ್ಯಗಳು ಅಂತ ಒಂದು ಭಾಗಾನೇ ಇದೆ, ಓದಿದ್ರೆ ನಗು ಬರುತ್ತೆ. ರೋಗಿ ತನ್ನ ಕಾಯಿಲೆಗೆ ಸಂಬಂಧ ಇಲ್ಲದ ಕಥೆ ಹೇಳಿ ಡಾಕ್ಟರ ತಲೆ ತಿನ್ಬಾರ್ದು, ಹೇಳಿದ್ದನ್ನ ಮರುಮಾತಿಲ್ದೆ ಕೇಳ್ಬೇಕು, ತನ್ನ ಅರೆಬೆಂದ ಅಭಿಪ್ರಾಯ ತೂರಿಸ್ಬಾರ್ದು, ಡಾಕ್ಟರು ಬೆಳಗ್ಗೆ ಮನೆ ಬಿಡೋ ಮುಂಚೆಯೇ ಹೇಳಿ ಕಳಿಸ್ಬೇಕು, ವಾಸಿಯಾದ್ಮೇಲೂ ಉಪಕಾರ ಮರೀಬಾರ್ದು. ಹೋಮಿಯೋಪತಿಯವರ ಜೊತೆ ಸೇರಿ ರೋಗಿ ನೋಡ್ಬಾರ್ದು ಅನ್ನೋ ಅರ್ಥದ್ದೂ ಒಂದಿತ್ತು, ಅದರಿಂದ ಎಷ್ಟೋ ವರ್ಷ ರಂಪ ಆಯ್ತು. ಜಾಹೀರಾತು ಕೊಡ್ಬಾರ್ದು, ಔಷಧಿಗೆ ಪೇಟೆಂಟ್ ತಗೋಬಾರ್ದು, ಗುಟ್ಟಿನ ಮದ್ದು ಮಾರ್ಬಾರ್ದು ಅನ್ನೋದೂ ಇತ್ತು.

ಈ ಪೇಟೆಂಟ್ ವಿಷಯದಲ್ಲಿ ಹಲ್ಲಿನ ಡಾಕ್ಟರದ್ದು ಒಂದು ದೊಡ್ಡ ಕಥೆ ಇದೆ. ಹಾರ್ಟ್‌ಫರ್ಡ್ ಊರಿನ ಡೆಂಟಿಸ್ಟ್ ಹೊರೇಸ್ ವೆಲ್ಸ್ 1844ರಲ್ಲಿ ನಗೆ ಅನಿಲ ತಾನೇ ಎಳ್ಕೊಂಡು ತನ್ನ ಹಲ್ಲೇ ಕೀಳಿಸ್ಕೊಂಡು ನೋಡ್ದ, ನೋವಾಗ್ಲಿಲ್ಲ, ಆತ ಪೇಟೆಂಟ್ ಮಾಡಿಸ್ಲಿಲ್ಲ. ಬಾಸ್ಟನ್ನಲ್ಲಿ ಎಲ್ಲರ ಮುಂದೆ ತೋರ್ಸೋಕೆ ಹೋದಾಗ ರೋಗಿ ನರಳಿಬಿಟ್ಟ, ಎಲ್ರೂ ಗೇಲಿ ಮಾಡಿ ಕಳಿಸಿದ್ರು. ಅವನ ಜೊತೆಗಾರ ವಿಲಿಯಂ ಮಾರ್ಟನ್, ಇವನೂ ಡೆಂಟಿಸ್ಟೇ, 1846 ಅಕ್ಟೋಬರ್ 16ಕ್ಕೆ ಅದೇ ಬಾಸ್ಟನ್ನಲ್ಲಿ ಈಥರ್ ಅನ್ನೋ ಅರಿವಳಿಕೆ ಕೊಟ್ಟು ಗೆದ್ದ. ಗೆದ್ದವನು ಏನ್ ಮಾಡ್ದ, ಅದಕ್ಕೆ ಲೀಥಿಯಾನ್ ಅಂತ ಹೆಸರಿಟ್ಟು, ವಾಸನೆ ಗೊತ್ತಾಗದ ಹಾಗೆ ಏನೇನೋ ಬೆರೆಸಿ ಪೇಟೆಂಟಿಗೆ ಅರ್ಜಿ ಹಾಕ್ದ. ಕಾಲು ತೆಗೀಬೇಕಾದ ಒಂದು ಹುಡುಗಿ ಆಸ್ಪತ್ರೇಲಿ ಮಲಗಿದ್ಳು, ಒಳಗೇನಿದೆ ಅಂತ ಹೇಳದ ಹೊರತು ಈ ಗುಟ್ಟಿನ ಮದ್ದು ನಾವು ಬಳಸಲ್ಲ ಅಂತ ಡಾಕ್ಟರುಗಳು ಪಟ್ಟು ಹಿಡಿದ್ರು, ಕೊನೆಗೆ ಮಾರ್ಟನ್ ಬಾಯಿಬಿಟ್ಟ, ಇದು ಈಥರ್ರೇ ಅಂತ. ನೋವಿಲ್ಲದ ಆಪರೇಷನ್ ಕೈಗೆ ಸಿಕ್ಕಿದ್ರೂ ಗುಟ್ಟಿನದ್ದು ಬೇಡ ಅಂದವರು ಸರಿಯಾ, ಒದ್ದಾಡೋ ಹುಡುಗಿ ಮುಂದೆ ನಿಯಮ ಹಿಡ್ಕೊಂಡು ನಿಂತಿದ್ದು ಸರಿಯಾ ಅಂತ ನಾನು ಇವತ್ತಿಗೂ ಯೋಚ್ನೆ ಮಾಡ್ತೀನಿ.

ಹಲ್ಲಿನ ಡಾಕ್ಟರ ಸಂಘದ ಮೊದಲ ದೊಡ್ಡ ಧರ್ಮಯುದ್ಧ ನಡೆದಿದ್ದು ಸಿಲ್ವರ್ ಸಿಮೆಂಟಿನ ಮೇಲೆ. 1840ರಲ್ಲಿ ಬಾಲ್ಟಿಮೋರಲ್ಲಿ ಪ್ರಪಂಚದ ಮೊದಲ ಡೆಂಟಲ್ ಕಾಲೇಜು ಶುರುವಾಯ್ತು, ಅದೇ ವರ್ಷ ಅಮೆರಿಕನ್ ಸೊಸೈಟಿ ಆಫ್ ಡೆಂಟಲ್ ಸರ್ಜನ್ಸ್ ಅಂತ ಸಂಘಾನೂ ಆಯ್ತು. ಆಗ ಹುಳುಕು ಹಲ್ಲಿಗೆ ಚಿನ್ನ ತುಂಬೋರು, ಅದು ದುಬಾರಿ. ಕ್ರಾಕೋರ್ ಅಂತ ಅಣ್ಣತಮ್ಮಂದಿರು 1833ರಲ್ಲಿ ನ್ಯೂಯಾರ್ಕಿಗೆ ಬಂದು ಬೆಳ್ಳಿ ಪಾದರಸ ಕಲೆಸಿದ ಅಗ್ಗದ ಸಿಮೆಂಟು ತುಂಬೋಕೆ ಶುರು ಮಾಡಿದ್ರು. ಸಂಘದವರು 1843ರಲ್ಲಿ ಇದನ್ನ ಬಳಸೋದೇ ಅಪರಾಧ ಅಂತ ಗೊತ್ತುವಳಿ ಮಾಡಿ, 1845ರಲ್ಲಿ ನಾನು ಯಾವ ಕಾರಣಕ್ಕೂ ಬಳಸಲ್ಲ ಅಂತ ಸದಸ್ಯರ ಕೈಲಿ ಮುಚ್ಚಳಿಕೆ ಬರೆಸ್ಕೊಂಡ್ರು. ಪಾದರಸದ ಭಯ ಇತ್ತು ಸರಿ, ಚಿನ್ನದ ಕಸುಬು ಹೋಗುತ್ತೆ ಅನ್ನೋ ಭಯಾನೂ ಇತ್ತು. ಬಡವರು ಚಿನ್ನ ಎಲ್ಲಿಂದ ತರ್ಬೇಕು, ಎಷ್ಟೋ ಡೆಂಟಿಸ್ಟುಗಳು ಸಂಘ ಬಿಟ್ರು ಸಿಮೆಂಟು ಬಿಡ್ಲಿಲ್ಲ, 1856ರಲ್ಲಿ ಸಂಘವೇ ಮುಚ್ಚೋಯ್ತು. ಮಜಾ ಏನಂದ್ರೆ ಪಾದರಸ ಪರಿಸರಕ್ಕೆ ಸೇರುತ್ತೆ ಅನ್ನೋ ಕಾರಣಕ್ಕೆ ಯುರೋಪಿಯನ್ ಯೂನಿಯನ್‌ನವರು 2025ರ ಜನವರಿಯಿಂದ ಅದೇ ಸಿಮೆಂಟಿಗೆ ಬ್ರೇಕ್ ಹಾಕಿದ್ದಾರೆ.

ಆಮೇಲೆ 1859ರಲ್ಲಿ ನಯಾಗರ ಹತ್ರ 26 ಜನ ಸೇರಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಕಟ್ಟಿದ್ರು, 1866ಕ್ಕೆ ಕೋಡ್ ಬಂತು. ಪೇಪರಲ್ಲಿ ಜಾಹೀರಾತು ಬೇಡ, ಕರಪತ್ರ ಬೇಡ, ಕಡಿಮೆ ರೇಟು ಅಂತ ಬೋರ್ಡ್ ಹಾಕೋದು ಬೇಡ. ಇದನ್ನೆಲ್ಲ ಗಾಳಿಗೆ ತೂರಿದವನು ಪೇನ್‌ಲೆಸ್ ಪಾರ್ಕರ್ ಅಂತ ಒಬ್ಬ ಡೆಂಟಿಸ್ಟು. ಬ್ಯಾಂಡ್‌ಸೆಟ್ ಇಟ್ಕೊಂಡು ಬೀದೀಲಿ ಹಲ್ಲು ಕೀಳ್ತಿದ್ದ, ಕಿತ್ತ ಹಲ್ಲಿಂದು ಹಾರ ಮಾಡಿ ಕೊರಳಿಗೆ ಹಾಕ್ಕೊಳ್ತಿದ್ದ, ನೋವಿಲ್ಲ ಅಂತ ಸುಳ್ಳು ಜಾಹೀರಾತು ಹಾಕ್ಬೇಡ ಅಂತ ಸರ್ಕಾರ ತಡೆದಾಗ 1915ರಲ್ಲಿ ತನ್ನ ಹೆಸರನ್ನೇ ಪೇನ್‌ಲೆಸ್ ಅಂತ ಕಾನೂನು ಪ್ರಕಾರ ಬದಲಾಯಿಸ್ಕೊಂಡ, ಜಾಹೀರಾತಲ್ಲ ಸ್ವಾಮಿ ನನ್ನ ಹೆಸರು ಅಂತ! ಆ ಪುಸ್ತಕ ಓದಿ ಸಂಜೆ ಮನೆಗೆ ಬರ್ತಾ ಬಸ್‌ಸ್ಟ್ಯಾಂಡ್ ಹತ್ರ ನೋಡಿದ್ರೆ, ನೋವಿಲ್ಲದೆ ಹಲ್ಲು ಕೀಳಲಾಗುವುದು ಅಂತ ಇಪ್ಪತ್ತಡಿ ಫ್ಲೆಕ್ಸು. ನಮ್ಮ ದೇಶದ 2002ರ ಡಾಕ್ಟರ ನಿಯಮದಲ್ಲಿ ಅತಿ ದೊಡ್ಡ ಬೋರ್ಡು ಹಾಕ್ಬಾರ್ದು, ಹೆಸರು, ಡಿಗ್ರಿ, ಸ್ಪೆಷಾಲಿಟಿ, ರಿಜಿಸ್ಟ್ರೇಷನ್ ನಂಬರ್ ಇಂಥದ್ದು ಬಿಟ್ಟು ಬೇರೆ ಬರೀಬಾರ್ದು ಅಂತಾನೇ ಇದೆ. ಈಗ ಯಾವ ಸರ್ಕಲ್ಲಲ್ಲಿ ಬೇಕಾದ್ರೂ ನಿಂತು ನೋಡಿ.

ಇಷ್ಟರ ತನಕ ಎಲ್ಲಾ ಡಾಕ್ಟರು ಡಾಕ್ಟರ ನಡುವಿನ ವ್ಯವಹಾರ, ರೋಗಿಯನ್ನ ಕೇಳಿ ಮಾಡ್ಬೇಕು ಅನ್ನೋ ಮಾತೇ ಇಲ್ಲ ನೋಡಿ. ಅದು ಬಂದಿದ್ದು ಹೆಣಗಳ ಮೇಲೆ. ನಾಜಿ ಕ್ಯಾಂಪುಗಳಲ್ಲಿ ಕೈದಿಗಳ ಮೇಲೆ ಪ್ರಯೋಗ ಮಾಡಿದ ಕೇಸಲ್ಲಿ ಜರ್ಮನಿಯ ನ್ಯೂರೆಂಬರ್ಗಲ್ಲಿ 23 ಜನರ ವಿಚಾರಣೆ ಆಯ್ತು, ಅದರಲ್ಲಿ 20 ಜನ ಡಾಕ್ಟರೇ. 1947ರ ಆಗಸ್ಟಲ್ಲಿ ತೀರ್ಪು, 16 ಜನರ ಮೇಲೆ ಅಪರಾಧ ಸಾಬೀತು, 7 ಜನಕ್ಕೆ ಗಲ್ಲು. ಆ ತೀರ್ಪಿನೊಳಗೇ ಹತ್ತು ಸೂತ್ರ ಬರೆದ್ರು, ಮೊದಲನೆಯದೇ ಮನುಷ್ಯನ ಸ್ವಂತ ಒಪ್ಪಿಗೆ ಇಲ್ದೆ ಪ್ರಯೋಗ ಕೂಡದು ಅಂತ. ಎದೆ ಝಲ್ ಅನ್ನೋದು ಏನಂದ್ರೆ ಜರ್ಮನಿಯಲ್ಲಿ 1931ರಲ್ಲೇ ಪ್ರಯೋಗಕ್ಕೆ ಒಪ್ಪಿಗೆ ಬೇಕು ಅಂತ ಸರ್ಕಾರದ ಮಾರ್ಗಸೂಚಿ ಬಂದಿತ್ತು. ಇತ್ತು, ಕಾಗದದ ಮೇಲೆ.

ಇನ್ನೊಂದು ಹೇಳ್ತೀನಿ, ಇದು ನನ್ನ ಲೈಬ್ರರಿಯದ್ದೇ. ಬಿಡಿಎಸ್ ಓದಿದ ಯಾರನ್ನಾದ್ರೂ ಕೇಳಿ, ವಿಪೆಹೋಲ್ಮ್ ಸ್ಟಡಿ ಅಂದ ತಕ್ಷಣ ಗಡಗಡ ಹೇಳ್ತಾರೆ, ಪರೀಕ್ಷೇಲಿ ಬರೋ ಪ್ರಶ್ನೆ. ಸ್ವೀಡನ್ನಿನ ಲುಂಡ್ ಊರಲ್ಲಿ ಬುದ್ಧಿಮಾಂದ್ಯರ ಆಸ್ಪತ್ರೆ ಅದು. ಸಿಹಿಯಿಂದ ಹಲ್ಲು ಹುಳುಕಾಗುತ್ತಾ ಅಂತ ನೋಡೋಕೆ ಅಲ್ಲಿರೋರಿಗೆ ಹಲ್ಲಿಗೆ ಅಂಟ್ಕೊಳ್ಳೋ ಟಾಫಿನ ಬೇಕಂತಲೇ ಮಾಡಿಸಿ ತಿನ್ನಿಸಿದ್ರು, ಒಂದು ಗುಂಪಿಗೆ ದಿನಕ್ಕೆ 8, ಇನ್ನೊಂದು ಗುಂಪಿಗೆ ದಿನಕ್ಕೆ 24. ಅವರನ್ನೂ ಕೇಳ್ಲಿಲ್ಲ, ಅವರ ಮನೆಯವರನ್ನೂ ಕೇಳ್ಲಿಲ್ಲ. ಎಷ್ಟೋ ಜನರ ಹಲ್ಲು ಪೂರ್ತಿ ಹಾಳಾಯ್ತು. ಊಟದ ಮಧ್ಯೆ ಮಧ್ಯೆ ತಿನ್ನೋ ಅಂಟು ಸಿಹಿಯೇ ಹುಳುಕಿಗೆ ಮುಖ್ಯ ಕಾರಣ ಅಂತ ಇವತ್ತು ನಾವು ಮಕ್ಕಳಿಗೆ ಹೇಳೋ ಬುದ್ಧಿಮಾತು ಗಟ್ಟಿಯಾಗಿದ್ದೇ ಅಲ್ಲಿಂದ. ಟಾಫಿ ಕೊಟ್ಟಿದ್ದು ಯಾವಾಗ, 1947ರಿಂದ 49. ನ್ಯೂರೆಂಬರ್ಗಲ್ಲಿ ತೀರ್ಪು ಓದ್ತಾ ಇದ್ದ ಅದೇ ಹೊತ್ತಲ್ಲಿ. ಎಕ್ಸಾಮ್ ಸೀಸನ್ನಲ್ಲಿ ಹುಡುಗೀರು ನನ್ನ ಟೇಬಲ್ ಪಕ್ಕದ ಕಿಟಕಿ ಹತ್ರ ಕೂತು ಆ ಗುಂಪುಗಳ ಹೆಸರು ಬಾಯಿಪಾಠ ಮಾಡೋರು, ಕಂಟ್ರೋಲ್ ಗ್ರೂಪ್, ಸುಕ್ರೋಸ್ ಗ್ರೂಪ್, ಬ್ರೆಡ್ ಗ್ರೂಪ್, ಚಾಕೊಲೇಟ್, ಕ್ಯಾರಮೆಲ್, ಟಾಫಿ ಅಂತ ಮಗ್ಗಿ ಥರ. ಒಂದ್ಸಲ ಕೇಳ್ದೆ, ಅಲ್ಲಮ್ಮ ಆ ಟಾಫಿ ತಿಂದೋರು ಯಾರು ಗೊತ್ತಾ ಅಂತ. "ಸಬ್ಜೆಕ್ಟ್ಸ್ ಸರ್" ಅಂದ್ಳು. ಅವಳ ತಪ್ಪಲ್ಲ ಬಿಡಿ, ಅವಳ ಕೈಲಿದ್ದ ಪುಸ್ತಕದಲ್ಲೂ ಹಾಗೇ ಇತ್ತು.

ಅಮೆರಿಕದಲ್ಲಿ ಟಸ್ಕಿಗೀ ಅಂತ ಊರಲ್ಲಿ 1932ರಿಂದ 1972ರ ತನಕ, ನಲವತ್ತು ವರ್ಷ, 399 ಕಪ್ಪು ಜನರಿಗೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದೆ ಅಂತ ಗೊತ್ತಿದ್ದೂ ಅದಕ್ಕೆ ಮದ್ದಾದ ಪೆನಿಸಿಲಿನ್ ಬಂದ್ಮೇಲೂ ಕೊಡ್ದೆ ಸುಮ್ನೆ ನೋಡ್ತಾ ಕೂತ್ರಲ್ಲ, ಅದನ್ನ ಬಯಲು ಮಾಡಿದ್ದು ಪತ್ರಿಕೆಯವರು, ಮೆಡಿಕಲ್ ಸಂಘದ ಯಾವ ಕಮಿಟಿನೂ ಅಲ್ಲ. ಇದನ್ನ ನಿಮಗೆ ಹೇಳೋದು ಸಂಪಾದಕರೇ, ಸುಮ್ನೆ ಅಲ್ಲ.

ನಮ್ಮ ಕಡೆಗೆ ಬರ್ತೀನಿ. ದಂತವೈದ್ಯರ ಕಾಯ್ದೆ 1948ರದ್ದು. ಡಿಗ್ರಿ ಇಲ್ಲದಿದ್ರೂ ಐದು ವರ್ಷದಿಂದ ಇದೇ ಕಸುಬಲ್ಲಿದ್ದವರಿಗೆ ಬಿ ಭಾಗ ಅಂತ ಬೇರೆ ಪಟ್ಟಿ ಮಾಡಿ ಅದರಲ್ಲಿ ಹೆಸರು ಬರ್ಕೊಂಡ್ರು, ಹಳೇ ಪೇಟೆಗಳಲ್ಲಿ ಗಾಜಿನ ಡಬ್ಬಿಯೊಳಗೆ ಹಲ್ಲು ಸೆಟ್ ಇಟ್ಕೊಂಡು ಕೂರ್ತಿದ್ದ ಅಂಗಡಿಗಳನ್ನ ನನ್ನ ವಯಸ್ಸಿನವರು ಮರೆತಿರಲ್ಲ. ಕಾಯ್ದೆ 48ರಲ್ಲಿ ಬಂದ್ರೆ ದಂತವೈದ್ಯರ ನೀತಿಸಂಹಿತೆ ಬಂದಿದ್ದು 1976ಕ್ಕೆ, 28 ವರ್ಷ ತಡ, ಅದನ್ನ ಪೂರ್ತಿ ತಿದ್ದಿ ಬರೆದಿದ್ದು 2014ರಲ್ಲಿ. ಡಾಕ್ಟರುಗಳದ್ದು ಈಗ ಚಾಲ್ತಿಯಲ್ಲಿರೋದು 2002ರದ್ದು. 2023ರ ಆಗಸ್ಟ್ 2ಕ್ಕೆ ಹೊಸದು ಹೊರಡಿಸಿದ್ರು, ಜೆನೆರಿಕ್ ಹೆಸರಲ್ಲೇ ಔಷಧಿ ಬರೀಬೇಕು, ಔಷಧಿ ಕಂಪನಿ ಸ್ಪಾನ್ಸರ್ ಮಾಡೋ ಕಾನ್ಫರೆನ್ಸಿಗೆ ಹೋಗ್ಬಾರ್ದು ಅಂತ ಬಿಗಿಯಾಗಿತ್ತು, ಡಾಕ್ಟರ ಸಂಘಗಳು ಗಲಾಟೆ ಮಾಡಿದ್ವು, ಆಗಸ್ಟ್ 23ಕ್ಕೆ ತಡೆಹಿಡಿದು ಹಳೇದಕ್ಕೇ ವಾಪಸ್. ಮೂರು ವಾರ ಬದುಕಿದ ನಿಯಮ. ನಮ್ಮ ರಾಜ್ಯದಲ್ಲಿ 2017ರ ನವೆಂಬರಲ್ಲಿ ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ಅಂದಾಗ ಖಾಸಗಿ ಆಸ್ಪತ್ರೆ ಬಾಗಿಲು ಹಾಕಿದ್ದು ನಿಮಗೇ ನೆನಪಿರುತ್ತೆ.

ಆ ಹಳೇ 2002ರದ್ದನ್ನೇ ಸರಿಯಾಗಿ ಓದಿದ್ರೆ ಸಾಕು ಅನ್ನೋನು ನಾನು. ಫೀಸೆಷ್ಟು ಅಂತ ಚಿಕಿತ್ಸೆಗೆ ಮೊದಲೇ ಹೇಳ್ಬೇಕು, ಶುರು ಮಾಡಿದ ಮೇಲಲ್ಲ. ರೋಗಿ ಕಳಿಸಿದ್ದಕ್ಕೆ ಕಮಿಷನ್ ತಗೊಳ್ಳೋದೂ ತಪ್ಪು ಕೊಡೋದೂ ತಪ್ಪು. ಚೀಟಿ ಮೇಲೆ ರಿಜಿಸ್ಟ್ರೇಷನ್ ನಂಬರ್ ಇರ್ಬೇಕು. ಒಳರೋಗಿಯ ದಾಖಲೆ ಮೂರು ವರ್ಷ ಇಟ್ಕೋಬೇಕು, ರೋಗಿ ಕೇಳಿದ್ರೆ 72 ಗಂಟೆಯೊಳಗೆ ಕೊಡ್ಬೇಕು.

ಈಗ ನಮ್ಮನೆ ವಿಷಯ. ಹೆಂಡ್ತಿ ಆಪರೇಷನ್ ಆದ ನರ್ಸಿಂಗ್ ಹೋಮಿಗೆ, ಹೆಸರು ಬೇಡ, ಹೊಟ್ಟೆನೋವು ಮತ್ತೆ ಶುರುವಾಯ್ತು ಬೇರೆ ಕಡೆ ತೋರಿಸ್ಬೇಕು ಕೇಸ್ ಶೀಟ್, ಅಂದ್ರೆ ಅವಳ ಚಿಕಿತ್ಸೆಯ ದಾಖಲೆ, ಅದರ ಕಾಪಿ ಕೊಡಿ ಅಂತ ಹೋದೆ. ಕೌಂಟರಲ್ಲಿದ್ದ ಹುಡುಗಿ "ಅಂಕಲ್ ಡಿಸ್ಚಾರ್ಜ್ ಸಮ್ಮರಿ ಇದೆಯಲ್ಲ, ಕೇಸ್ ಶೀಟ್ ಪೇಷಂಟಿಗೆ ಕೊಡಲ್ಲ" ಅಂದ್ಳು. ಆಮೇಲೆ ಇನ್ಶೂರೆನ್ಸ್‌ನವರ ಲೆಟರ್ ತನ್ನಿ ಅಂದ್ರು, ಆಮೇಲೆ ಸರ್ ಊರಲ್ಲಿಲ್ಲ ಅಂದ್ರು. ನಾನು ಬಿಳಿ ಹಾಳೆ ಮೇಲೆ ನಿಯಮದ ನಂಬರ್ ಬರೆದು, 1.3.2, ತಾರೀಖು ಟೈಮು ಹಾಕಿ ಅರ್ಜಿ ಕೊಟ್ಟು, ಕಾಪಿಗೆ ಸೀಲ್ ಒತ್ತಿ ಅಂದೆ. ಆ ಹುಡುಗಿ ಹಾಳೆ ನೋಡಿ "72 ಗಂಟೆ ಅಂತ ರೂಲ್ಸಿದ್ಯಾ ಅಂಕಲ್?" ಅಂತ ನಿಜವಾಗ್ಲೂ ಆಶ್ಚರ್ಯದಿಂದ ಕೇಳಿದ್ಳು, ಪಾಪ ಅವಳಿಗೆ ಯಾರೂ ಹೇಳಿರ್ಲಿಲ್ಲ. ಅವಳ ತಲೆ ಹಿಂದೆ ಗೋಡೆ ಮೇಲೆ ಚಿನ್ನದ ಬಣ್ಣದ ಫ್ರೇಮಲ್ಲಿ ಹಿಪೊಕ್ರಾಟಿಸ್ ಪ್ರಮಾಣ ಇಂಗ್ಲಿಷಲ್ಲಿ ನೇತಾಕಿದ್ರು. ಕಲ್ಲಿನ ಸಾಲೂ ಇತ್ತು ಅದರಲ್ಲಿ.

ಹಾಗಾಗಿ ನನ್ನ ಕೋರಿಕೆ ಎರಡೇ. ಒಂದು, ಮುಂದಿನ ವೈದ್ಯರ ದಿನಕ್ಕೆ ಆ ಪ್ರಮಾಣ ಹಾಕೋ ಬದಲು 2002ರ ನಿಯಮದಲ್ಲಿ ರೋಗಿಗೆ ಸಂಬಂಧಪಟ್ಟ ಹತ್ತು ಸಾಲನ್ನ ಮತ್ತೆ ದಂತವೈದ್ಯರ ನಿಯಮದ ಐದಾರು ಸಾಲನ್ನ ಕನ್ನಡದಲ್ಲಿ, ಕತ್ತರಿಸಿ ಪರ್ಸಲ್ಲಿ ಇಟ್ಕೊಳ್ಳೋ ಸೈಜಲ್ಲಿ ಛಾಪಿಸಿ. ಅನುವಾದ ಬೇಕಾದ್ರೆ ನಾನೇ ಮಾಡ್ಕೊಡ್ತೀನಿ, ದುಡ್ಡು ಬೇಡ. ಎರಡು, ರಾಜ್ಯದ ಮೆಡಿಕಲ್ ಕೌನ್ಸಿಲ್ಲೂ ಡೆಂಟಲ್ ಕೌನ್ಸಿಲ್ಲೂ ಅದನ್ನೇ ಪ್ರತಿ ಕ್ಲಿನಿಕ್ ಕೌಂಟರ್ ಹಿಂದೆ ಕನ್ನಡದಲ್ಲಿ ಹಾಕ್ಲೇಬೇಕು ಅಂತ ಒಂದು ಸುತ್ತೋಲೆ ಹೊರಡಿಸ್ಲಿ, ಅದಕ್ಕೆ ಹೊಸ ಕಾಯ್ದೆ ಏನೂ ಬೇಕಾಗಲ್ಲ ಅನ್ಕೋತೀನಿ. ಒಳ್ಳೆ ಡಾಕ್ಟರುಗಳಿಗೆ ಇದರಿಂದ ಏನೂ ತೊಂದ್ರೆ ಇಲ್ಲ, ನಮ್ಮ ಬೀದಿ ಡಾಕ್ಟರಮ್ಮ ಫೀಸಿನ ಬೋರ್ಡನ್ನ ತಾವೇ ಚಾಕ್‌ಪೀಸಲ್ಲಿ ಬರೆದು ಬಾಗಿಲಿಗೆ ಹಾಕಿ ಎಷ್ಟು ವರ್ಷ ಆಯ್ತೋ.

ಕೇಸ್ ಶೀಟ್ ಸಿಕ್ತು, ಹನ್ನೊಂದನೇ ದಿನ. ಜೆರಾಕ್ಸ್ ಪುಟಕ್ಕೆ ಹತ್ತು ರೂಪಾಯಿ ಹಾಕಿದ್ರು, 41 ಪುಟ, ಒಪ್ಪಿಗೆ ಪತ್ರದ ಪುಟದಲ್ಲಿ ಹೆಂಡ್ತಿ ಸಹಿ ಇತ್ತು, ಮೇಲೆ ತುಂಬಬೇಕಾದ ಜಾಗ ಎಲ್ಲಾ ಖಾಲಿ.

ಇಂತಿ ನಿಮ್ಮ ಹಳೇ ಓದುಗ,
ನಿವೃತ್ತ ಲೈಬ್ರರಿ ಅಸಿಸ್ಟೆಂಟ್, ದಾವಣಗೆರೆ